ಎಂಡೊಮೆಟ್ರಿಯೋಸಿಸ್ ನೋವು: ಒಳಗಿನ ಉರಿಯೂತ ಅರಿತು ಮಾತ್ರೆ, ಸ್ಕ್ಯಾನ್, ಚಿಕಿತ್ಸೆ ನಿಭಾಯಿಸುವ ಬಗೆ

ಮೈಸೂರಿನ ಯಾವ ಬಡಾವಣೆಯ ಮೆಡಿಕಲ್ ಸ್ಟೋರಿಗೆ ಹೋಗಿ "ಮುಟ್ಟಿನ ಹೊಟ್ಟೆನೋವಿಗೆ ಏನಾದ್ರೂ ಕೊಡಿ" ಅಂದರೂ ಸಾಮಾನ್ಯವಾಗಿ ಕೈಗೆ ಬರುವುದು ನೋವು ತಗ್ಗಿಸುವ ಮೆಫೆನಾಮಿಕ್ ಆಸಿಡ್ ಮತ್ತು ಸೆಳೆತ ತಗ್ಗಿಸುವ ಡೈಸೈಕ್ಲೊಮಿನ್ ಸೇರಿದ ಮಾತ್ರೆ. ಬಹಳಷ್ಟು ಜನ ಅದನ್ನು ನುಂಗುವುದು ನೋವು ತಡೆಯಲಾಗದ ಹಂತ ಮುಟ್ಟಿದ ಮೇಲೆ. ಅರ್ಧ ಗಂಟೆ ನೋಡಿ, ಇಳಿಯಲಿಲ್ಲ ಅಂತ ಇನ್ನೊಂದು. ಕೊನೆಗೆ "ನನಗೆ ಈ ಮಾತ್ರೆ ಹಿಡಿಸಲ್ಲ" ಎಂಬ ತೀರ್ಮಾನ. ಇನ್ನು ಕೆಲವರಿಗೆ ಯಾರೋ "ನಿಮಗೆ ಇಮ್ಯುನಿಟಿ ಕಮ್ಮಿ" ಎಂದಿರುತ್ತಾರೆ. ಪುಡಿ, ಕಷಾಯ, ಕ್ಯಾಪ್ಸೂಲ್ ಅಂತ ತಿಂಗಳು ತಿಂಗಳು ದುಡ್ಡು ಹೋಗುತ್ತಿರುತ್ತದೆ. ಎರಡೂ ಕಡೆ ತಪ್ಪಿರುವುದು ಒಂದೇ ಲೆಕ್ಕ. ಇಂಥ ನೋವಿನ ಹಿಂದೆ ಇರಬಹುದಾದ ಎಂಡೊಮೆಟ್ರಿಯೋಸಿಸ್ ಎಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಅಂಟಿ ಬೆಳೆಯುವ ಕಾಯಿಲೆ. ಎಂಡೊಮೆಟ್ರಿಯೋಸಿಸ್‌ನಲ್ಲಿ ರೋಗನಿರೋಧಕ ಕಣಗಳಿಗೆ ಬರವಿಲ್ಲ. ಇರುವ ಕಣಗಳು ಕಾಯಿಲೆಯ ಕಡೆಗೇ ಕೆಲಸ ಮಾಡುತ್ತಿರುತ್ತವೆ. ಅದು ಹೇಗೆ ಎಂದು ತಿಳಿದರೆ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು, ಯಾವ ಟೆಸ್ಟಿಗೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಒಳಗೆ ನಡೆಯುವುದೇನು

ಮುಟ್ಟಿನ ರಕ್ತ ಎಲ್ಲವೂ ಹೊರಗೆ ಬರುವುದಿಲ್ಲ. ಸ್ವಲ್ಪ ಭಾಗ ಗರ್ಭನಾಳದ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ. ಅಮೆರಿಕದ ಸ್ತ್ರೀರೋಗ ತಜ್ಞ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲೇ ಈ ಹಿಮ್ಮುಖ ಹರಿವನ್ನು ಕಾಯಿಲೆಗೆ ಕಾರಣವೆಂದು ಮುಂದಿಟ್ಟ. ಆದರೆ ಈ ಹರಿವು ಮುಟ್ಟಾಗುವ ಬಹುಪಾಲು ಹೆಣ್ಣುಮಕ್ಕಳಲ್ಲಿ ಇರುತ್ತದೆ. ಕಾಯಿಲೆ ಬರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಹಾಗಾದರೆ ಉಳಿದವರಲ್ಲಿ ಆ ರಕ್ತ, ಆ ಗರ್ಭಕೋಶದ ಒಳಪದರದ ಚೂರುಗಳು ಎಲ್ಲಿ ಹೋದವು? ಹೊಟ್ಟೆಯೊಳಗಿನ ರೋಗನಿರೋಧಕ ಕಣಗಳು ಅವನ್ನು ತಿಂದು ಹಾಕುತ್ತವೆ. ಇದರಲ್ಲಿ ಮುಖ್ಯ ಪಾತ್ರ ಮ್ಯಾಕ್ರೊಫೇಜ್ ಎಂಬ ದೊಡ್ಡ ಬಿಳಿ ರಕ್ತಕಣದ್ದು. ದಾರಿ ತಪ್ಪಿದ ಜೀವಕೋಶಗಳನ್ನು ಕೊಲ್ಲಲು ನ್ಯಾಚುರಲ್ ಕಿಲ್ಲರ್ ಕಣಗಳಿರುತ್ತವೆ.

ಎಂಡೊಮೆಟ್ರಿಯೋಸಿಸ್ ಇರುವವರ ಹೊಟ್ಟೆಯೊಳಗಿನ ದ್ರವವನ್ನು ಪರೀಕ್ಷಿಸಿದರೆ ಮ್ಯಾಕ್ರೊಫೇಜ್‌ಗಳು ಕಡಿಮೆಯಿರುವುದಿಲ್ಲ, ಹೆಚ್ಚೇ ಇರುತ್ತವೆ. ಅವು ಚೂರುಗಳನ್ನು ಸರಿಯಾಗಿ ನುಂಗುವುದಿಲ್ಲ, ಅಷ್ಟೇ. ಬದಲಿಗೆ ಅಲ್ಲೇ ಬೀಡುಬಿಟ್ಟು ಹೊಸ ರಕ್ತನಾಳ ಬೆಳೆಸುವ ವಿಇಜಿಎಫ್, ನರದ ತುದಿಗಳನ್ನು ಬೆಳೆಸುವ ಎನ್‌ಜಿಎಫ್ ಎಂಬ ಪ್ರೊಟೀನುಗಳನ್ನು ಬಿಡುಗಡೆ ಮಾಡುತ್ತವೆ. ಕಳೆ ಕೀಳಲು ಗದ್ದೆಗಿಳಿದವರೇ ಕಳೆಗೆ ನೀರು ಕಟ್ಟಿ ಗೊಬ್ಬರ ಹಾಕಿದ ಹಾಗೆ. ನ್ಯಾಚುರಲ್ ಕಿಲ್ಲರ್ ಕಣಗಳ ಕೊಲ್ಲುವ ಶಕ್ತಿಯೂ ಕುಂದಿರುತ್ತದೆ. ಜೊತೆಗೆ ಐಎಲ್-6, ಐಎಲ್-8, ಟಿಎನ್‌ಎಫ್ ಆಲ್ಫಾ ಮೊದಲಾದ ಉರಿಯೂತದ ಸಂದೇಶವಾಹಕಗಳು ಏರಿ, ಇನ್ನಷ್ಟು ಬಿಳಿ ಕಣಗಳನ್ನು ಅದೇ ಜಾಗಕ್ಕೆ ಕರೆಯುತ್ತವೆ. ಹೀಗೆ ಅಂಟಿ ಬೆಳೆದ ಅಂಗಾಂಶ, ಅಂದರೆ ಗಾಯ, ಪ್ರತಿ ತಿಂಗಳೂ ರಕ್ತ ಸುರಿಸುವುದರಿಂದ ಅಲ್ಲಿ ಕಬ್ಬಿಣ ಶೇಖರವಾಗಿ ಅಂಗಾಂಶವನ್ನು ಮತ್ತಷ್ಟು ಕೆರಳಿಸುತ್ತದೆ. ಇನ್ನೊಂದು ಕಡೆ ಮಾಸ್ಟ್ ಕಣಗಳು, ಅಂದರೆ ಅಲರ್ಜಿಯಲ್ಲಿ ತುರಿಕೆ ಎಬ್ಬಿಸುವ ಅದೇ ಕಣಗಳು, ನರಗಳ ಅಕ್ಕಪಕ್ಕ ಸೇರಿಕೊಂಡು ನೋವಿನ ತುದಿಗಳನ್ನು ಕೆಣಕುತ್ತವೆ.

ಇದಕ್ಕೆಲ್ಲ ಎಣ್ಣೆ ಹೊಯ್ಯುವ ಚಕ್ರ ಒಂದಿದೆ. ಅದನ್ನು ಮಾತ್ರ ಮರೆಯಬೇಡಿ, ಮುಂದಿನ ಎಲ್ಲ ಚಿಕಿತ್ಸೆ ಇದರ ಮೇಲೇ ನಿಂತಿದೆ. ಉರಿಯೂತ ಇರುವಲ್ಲಿ ಕಾಕ್ಸ್-2 ಎಂಬ ಕಿಣ್ವ ಹೆಚ್ಚಾಗಿ ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ರಾಸಾಯನಿಕ ತಯಾರಾಗುತ್ತದೆ. ಆ ಪ್ರೊಸ್ಟಾಗ್ಲಾಂಡಿನ್ ನೋವನ್ನು ಕೊಡುವುದಲ್ಲದೆ ಅರೊಮಟೇಸ್ ಎಂಬ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ. ಅರೊಮಟೇಸ್ ಆ ಗಾಯದೊಳಗೇ ಈಸ್ಟ್ರೊಜೆನ್ ತಯಾರಿಸುತ್ತದೆ. ಈಸ್ಟ್ರೊಜೆನ್ ಮತ್ತೆ ಕಾಕ್ಸ್-2 ಹೆಚ್ಚಿಸುತ್ತದೆ. ಈ ಉರಿಯನ್ನು ತಣಿಸಬೇಕಾದ ಪ್ರೊಜೆಸ್ಟರಾನ್ ಹಾರ್ಮೋನಿನ ಮಾತನ್ನು ಈ ಅಂಗಾಂಶ ಸರಿಯಾಗಿ ಕೇಳುವುದಿಲ್ಲ. ನೋವಿನ ಮಾತ್ರೆ ಚಕ್ರವನ್ನು ಕಾಕ್ಸ್ ಹತ್ತಿರ ಕತ್ತರಿಸುತ್ತದೆ, ಹಾರ್ಮೋನ್ ಮಾತ್ರೆ ಈಸ್ಟ್ರೊಜೆನ್ ಹತ್ತಿರ, ಶಸ್ತ್ರಚಿಕಿತ್ಸೆ ಗಾಯವನ್ನೇ ತೆಗೆಯುತ್ತದೆ. ವರ್ಷಗಟ್ಟಲೆ ಕೆರಳಿದ ನರಗಳು ಮತ್ತು ಬಿಗಿದ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಮಾತ್ರ ಈ ಮೂರಕ್ಕೂ ಜಗ್ಗದೆ ಉಳಿಯಬಹುದು. ಅವಕ್ಕೆ ಫಿಸಿಯೊಥೆರಪಿ ಬೇಕಾಗುತ್ತದೆ.

ಮೊದಲು ಒಂದು ನೋಟ್‌ಬುಕ್

ಡಾಕ್ಟರ ಹತ್ತಿರ ಹೋಗುವ ಮುಂಚೆ ಎರಡು ಮೂರು ಮುಟ್ಟಿನ ಲೆಕ್ಕ ಬರೆದಿಡಿ. ನೋವು ಜೋರಾಗಿದ್ದರೆ ಇದಕ್ಕೋಸ್ಕರ ಕಾಯಬೇಡಿ, ಹೋಗಿ ಬನ್ನಿ, ಬರೆಯುತ್ತಲೇ ಇರಿ. ಆ್ಯಪ್ ಆಗಬಹುದು, ಹತ್ತು ರೂಪಾಯಿಯ ನೋಟ್‌ಬುಕ್ಕೂ ಸಾಕು. ನೋವಿಗೆ ಹತ್ತಕ್ಕೆ ಎಷ್ಟು ಎಂದು ಅಂಕಿ ಕೊಡಿ. ಒಂದು ದಿನದ ಬರಹ ಹೀಗಿದ್ದರೆ ಡಾಕ್ಟರಿಗೆ ಬಳಕೆಗೆ ಬರುತ್ತದೆ:

"ಸೋಮವಾರ, ಮುಟ್ಟಿನ 1ನೇ ದಿನ. ನೋವು ಬೆಳಿಗ್ಗೆ 5, ಮಧ್ಯಾಹ್ನ 8, ರಾತ್ರಿ 6. ಜಾಗ: ಕಿಬ್ಬೊಟ್ಟೆ ಎಡಗಡೆ, ಸೊಂಟ, ಎಡತೊಡೆ. ಪ್ಯಾಡ್ 6, ಹೆಪ್ಪು ಎರಡು ಸಲ. ಕಕ್ಕಸಿಗೆ 3 ಸಲ, ಹೋಗುವಾಗ ನೋವು. ಮೂತ್ರ ಸರಿ. ಮೆಫೆನಾಮಿಕ್ 500: ಬೆಳಿಗ್ಗೆ 7, ಮಧ್ಯಾಹ್ನ 3, ರಾತ್ರಿ 10. ಎರಡನೇ ಮಾತ್ರೆ ಆದ ಒಂದು ಗಂಟೆಗೆ 8ರಿಂದ 5ಕ್ಕೆ ಇಳೀತು. ಕೆಲಸಕ್ಕೆ ಹೋಗಲಿಲ್ಲ."

ನೋವಿಲ್ಲದ ದಿನ "0" ಅಂತ ಬರೆಯುವುದನ್ನು ಬಿಡಬೇಡಿ. ಖಾಲಿ ಬಿಟ್ಟರೆ ನೋವಿರಲಿಲ್ಲವೋ ಬರೆಯಲು ಮರೆತಿರೋ ಗೊತ್ತಾಗುವುದಿಲ್ಲ, ಇಡೀ ಲೆಕ್ಕದ ಬೆಲೆ ಹೋಗುತ್ತದೆ.

ಎರಡು ಮೂರು ತಿಂಗಳಾದ ಮೇಲೆ ಓದಿದರೆ ಒಂದು ಚಹರೆ ಕಾಣುತ್ತದೆ. ನೋವು ಮೊದಲ ಒಂದೆರಡು ದಿನಕ್ಕೆ ಸೀಮಿತವಾಗಿ, ಸಮಯಕ್ಕೆ ತೆಗೆದುಕೊಂಡ ಮಾತ್ರೆಗೆ ಬಗ್ಗುತ್ತಿದ್ದರೆ ಅದು ಬಹುಮಟ್ಟಿಗೆ ಗರ್ಭಕೋಶದ ಪ್ರೊಸ್ಟಾಗ್ಲಾಂಡಿನ್ ನೋವು. ಮುಟ್ಟಿಗೆ ಮೂರ್ನಾಲ್ಕು ದಿನ ಮೊದಲೇ ಶುರುವಾಗಿ ನಿಂತ ಮೇಲೂ ಉಳಿದರೆ, ಸಂಭೋಗದಲ್ಲಿ ಆಳದಲ್ಲಿ ನೋವಿದ್ದರೆ, ಮುಟ್ಟಿನ ದಿನಗಳಲ್ಲಿ ಮಾತ್ರ ಕಕ್ಕಸಿಗೋ ಮೂತ್ರಕ್ಕೋ ಹೋಗುವಾಗ ಚುಚ್ಚಿದರೆ, ಎಂಡೊಮೆಟ್ರಿಯೋಸಿಸ್ ಕಡೆಗೆ ಬೆರಳು ತೋರಿಸುತ್ತದೆ. ಮುಟ್ಟಿನ ಜೊತೆ ಬಲ ಭುಜದ ತುದಿ ನೋಯುವುದು ಅಪರೂಪ, ಆದರೆ ಅದನ್ನು ಹೇಳದೆ ಬಿಡಬೇಡಿ. ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಮೇಲೆ ಗಾಯವಿದ್ದರೆ ಹಾಗಾಗುತ್ತದೆ. ತಿಂಗಳಿಡೀ ನೋವೇ ಎಂದಾದರೆ ನರಗಳು ಕೆರಳಿ ನಿಂತಿರುವ, ಸ್ನಾಯು ಬಿಗಿದಿರುವ ಸಾಧ್ಯತೆ ಹೆಚ್ಚು.

ನೋವಿನ ಮಾತ್ರೆ: ಹೊತ್ತೇ ಮುಖ್ಯ

ಮೆಫೆನಾಮಿಕ್, ನೆಪ್ರಾಕ್ಸೆನ್, ಐಬುಪ್ರೊಫೇನ್ ಇವೆಲ್ಲ ಕಾಕ್ಸ್ ಕಿಣ್ವವನ್ನು ತಡೆದು ಹೊಸ ಪ್ರೊಸ್ಟಾಗ್ಲಾಂಡಿನ್ ಆಗದಂತೆ ನೋಡಿಕೊಳ್ಳುತ್ತವೆ. ಆಗಲೇ ತಯಾರಾಗಿ ಹರಡಿರುವುದನ್ನು ಅವು ಒರೆಸಲಾರವು. ನೋವು 8 ಮುಟ್ಟಿದ ಮೇಲೆ ನುಂಗಿದ ಮಾತ್ರೆ ಸೋಲುವುದು ಇದಕ್ಕೇ. ಮುಟ್ಟು ದಿನ ತಪ್ಪದೆ ಬರುವವರು ಒಂದು ದಿನ ಮುಂಚೆ, ಹೆಚ್ಚುಕಮ್ಮಿ ಆಗುವವರು ಮೊದಲ ಚುಕ್ಕೆ ಕಂಡ ಕೂಡಲೇ ಶುರುಮಾಡಿ, ಎರಡು ಮೂರು ದಿನ ಗಡಿಯಾರ ನೋಡಿ ತೆಗೆದುಕೊಳ್ಳಬೇಕು. ನೋವು ಬರಲಿ ನೋಡೋಣ ಎಂದು ಕಾಯುವಂತಿಲ್ಲ.

ಡಾಕ್ಟರುಗಳು ಸಾಮಾನ್ಯವಾಗಿ ಬರೆಯುವ ಪ್ರಮಾಣ: ಮೆಫೆನಾಮಿಕ್ 500 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಇಲ್ಲವೇ ಐಬುಪ್ರೊಫೇನ್ 400 ಮಿಲಿಗ್ರಾಂ ಎಂಟು ಗಂಟೆಗೊಮ್ಮೆ, ಇಲ್ಲವೇ ನೆಪ್ರಾಕ್ಸೆನ್ 500 ಮಿಲಿಗ್ರಾಂ ಹನ್ನೆರಡು ಗಂಟೆಗೊಮ್ಮೆ. ಮೂರರಲ್ಲಿ ಒಂದು ಮಾತ್ರ. ಮೆಫೆನಾಮಿಕ್ ರಕ್ತದಲ್ಲಿ ಬೇಗ ಇಳಿಯುತ್ತದೆ, ನೆಪ್ರಾಕ್ಸೆನ್ ಹೆಚ್ಚು ಹೊತ್ತು ನಿಲ್ಲುತ್ತದೆ. ನಡುರಾತ್ರಿ ನೋವಿಗೆ ಎಚ್ಚರವಾಗುವವರು, ಬೆಳಿಗ್ಗೆ ಮಂಡ್ಯದಿಂದ ರೈಲು ಹಿಡಿದು ಮೈಸೂರಿಗೆ ಕೆಲಸಕ್ಕೆ ಹೋಗುವವರು ನೆಪ್ರಾಕ್ಸೆನ್ ಬಗ್ಗೆ ಕೇಳಿ ನೋಡಿ.

ಈಗ ಸ್ಟ್ರಿಪ್ ಹಿಂದುಗಡೆ ತಿರುಗಿಸಿ ಓದಿ. ಅಂಗಡಿಯಲ್ಲಿ ಸಿಗುವ ಮೆಫೆನಾಮಿಕ್ ಮತ್ತು ಡೈಸೈಕ್ಲೊಮಿನ್ ಜೋಡಿ ಮಾತ್ರೆಯಲ್ಲಿ ಮೆಫೆನಾಮಿಕ್ ಸಾಮಾನ್ಯವಾಗಿ 250 ಮಿಲಿಗ್ರಾಂ ಮಾತ್ರ ಇರುತ್ತದೆ, ಅಂದರೆ ಮೇಲೆ ಹೇಳಿದ ಡೋಸಿನ ಅರ್ಧ. "ಹಿಡಿಸಲ್ಲ" ಎನ್ನುವವರಲ್ಲಿ ಎಷ್ಟೋ ಮಂದಿ ತೆಗೆದುಕೊಂಡಿರುವುದು ಅರ್ಧ ಡೋಸು, ಅದೂ ತಡವಾಗಿ. ಹಾಗಂತ ಜೋಡಿ ಮಾತ್ರೆಯನ್ನೇ ಎರಡೆರಡು ನುಂಗಿದರೆ ಡೈಸೈಕ್ಲೊಮಿನ್ ಕೂಡ ಇಮ್ಮಡಿಯಾಗುತ್ತದೆ: ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ಮಲ ಕಟ್ಟುತ್ತದೆ. ಕರುಳಿನ ಹತ್ತಿರ ಗಾಯವಿರುವವರಿಗೆ ಮಲಬದ್ಧತೆ ಎಂದರೆ ಇನ್ನೊಂದು ಸುತ್ತು ನೋವು. ಬರೀ ಮೆಫೆನಾಮಿಕ್ ಇರುವ ಮಾತ್ರೆ ಬರೆದುಕೊಡಿ ಎಂದು ಕೇಳುವುದು ಮೇಲು.

ಖಾಲಿ ಹೊಟ್ಟೆಗೆ ಬೇಡ. ಮುದ್ದೆ, ಅನ್ನ ಸೇರದಿದ್ದರೆ ಎರಡು ಇಡ್ಲಿಯೋ ಒಂದು ಲೋಟ ಅಂಬಲಿಯೋ ಆಗಲಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಇಂಥ ಮಾತ್ರೆಗೆ ಉಬ್ಬಸ ಕೆರಳುವ ಸ್ವಭಾವ ಇದ್ದವರಿಗೆ ಈ ಗುಂಪಿನ ಮಾತ್ರೆ ಆಗದು. ಮಗುವಿಗೆ ಪ್ರಯತ್ನಿಸುತ್ತಿರುವವರು ಅಂಡ ಬಿಡುಗಡೆಯಾಗುವ ದಿನಗಳಲ್ಲಿ ಇವನ್ನು ತೆಗೆದುಕೊಳ್ಳುವ ಬಗ್ಗೆ ಡಾಕ್ಟರನ್ನು ಕೇಳಬೇಕು, ಏಕೆಂದರೆ ಅಂಡಾಶಯದಲ್ಲಿ ಅಂಡವಿರುವ ಗುಳ್ಳೆ ಒಡೆಯುವುದಕ್ಕೂ ಪ್ರೊಸ್ಟಾಗ್ಲಾಂಡಿನ್ ಬೇಕು. ಮಳೆಗಾಲದಲ್ಲಿ ಮುಟ್ಟಿನ ಜೊತೆ ಜ್ವರವೂ ಬಂದರೆ ಡೆಂಗಿ ಅಲ್ಲ ಎಂದು ಖಾತ್ರಿಯಾಗುವ ತನಕ ಮೆಫೆನಾಮಿಕ್, ಐಬುಪ್ರೊಫೇನ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯವಿದೆ, ಪ್ಯಾರಸಿಟಮಾಲ್‌ನಲ್ಲಿ ನಿಭಾಯಿಸಿ. 2023ರಲ್ಲಿ ಭಾರತೀಯ ಔಷಧಕೋಶ ಆಯೋಗ ಮೆಫೆನಾಮಿಕ್ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು: ಅಪರೂಪಕ್ಕೆ ಕೆಲವರಿಗೆ ಕೆಲವು ದಿನ ಅಥವಾ ವಾರಗಳ ನಂತರ ಜ್ವರ, ಮೈತುಂಬ ದದ್ದು, ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು ಒಳಗಿನ ಅಂಗಗಳಿಗೂ ಪೆಟ್ಟಾಗುವ ಅಲರ್ಜಿ ಬರಬಹುದು. ದದ್ದು ಕಂಡರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಸರಿಯಾದ ಡೋಸು, ಸರಿಯಾದ ಹೊತ್ತು, ಮೂರು ತಿಂಗಳು. ಆದರೂ ನೋವು ನಿಮ್ಮನ್ನು ಹಾಸಿಗೆಗೆ ಕೆಡವುತ್ತಿದ್ದರೆ ಬ್ರ್ಯಾಂಡ್ ಬದಲಾಯಿಸುತ್ತಾ ಕೂರಬೇಡಿ. ಚಕ್ರವನ್ನು ಇನ್ನೊಂದು ಕಡೆ ಕತ್ತರಿಸುವ ಹೊತ್ತು ಬಂದಿದೆ.

ಬಿಸಿನೀರಿನ ಚೀಲವನ್ನು ಕೀಳಾಗಿ ನೋಡಬೇಡಿ, ನಿಜಕ್ಕೂ ಕೆಲಸ ಮಾಡುತ್ತದೆ. ಬಟ್ಟೆ ಸುತ್ತಿ, ಒಮ್ಮೆಗೆ 15-20 ನಿಮಿಷ. ನೇರ ಚರ್ಮಕ್ಕೆ ಗಂಟೆಗಟ್ಟಲೆ ಇಟ್ಟುಕೊಂಡರೆ ಹೊಟ್ಟೆಯ ಮೇಲೆ ಬಲೆಯಂತೆ ಕಂದು ಗೆರೆ ಬಿದ್ದು ಬೇಗ ಹೋಗುವುದಿಲ್ಲ. ಮುಟ್ಟಾದಾಗ ಹೊರಗೆ ಕೂರಿಸುವ ಪದ್ಧತಿ ಉಳಿದಿರುವ ಮನೆಯಾದರೆ ಮಾತ್ರೆ, ತಿಂಡಿ, ಬಿಸಿನೀರು ಮೂರೂ ಅವಳ ಕೈಗೆಟುಕುವಂತೆ ಮೊದಲೇ ಇಟ್ಟಿರಬೇಕು. ಯಾರನ್ನೋ ಕರೆದು ಕೇಳುವಷ್ಟರಲ್ಲಿ ಮಾತ್ರೆಯ ಹೊತ್ತು ಮೀರಿರುತ್ತದೆ.

ಯಾವ ಟೆಸ್ಟು, ಯಾವುದು ದಂಡ

ಉರಿಯೂತದ ಕಾಯಿಲೆ ಅಂದ ಕೂಡಲೇ ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತ ಅಳೆಯುವ ರಕ್ತ ಪರೀಕ್ಷೆ ಮಾಡಿಸುವವರಿದ್ದಾರೆ. ಇಲ್ಲಿನ ಉರಿಯೂತ ಹೆಚ್ಚಾಗಿ ಕಿಬ್ಬೊಟ್ಟೆಯ ಒಳಗೇ ನಡೆಯುವುದರಿಂದ ಕೈಯಿಂದ ತೆಗೆದ ರಕ್ತದಲ್ಲಿ ಎರಡೂ ಸರಿಯಾಗಿಯೇ ಬರಬಹುದು. ಬಂದರೆ ಕಾಯಿಲೆ ಇಲ್ಲ ಎಂದರ್ಥವಲ್ಲ. ಅಂಡಾಶಯದ ಕ್ಯಾನ್ಸರ್ ಅನುಮಾನದಲ್ಲಿ ನೋಡುವ ಸಿಎ-125 ಎಂಬ ರಕ್ತ ಪರೀಕ್ಷೆ ಇನ್ನೊಂದು. 35ರ ಗೆರೆ ದಾಟಿದರೆ ಕ್ಯಾನ್ಸರ್ ಎಂದು ಮನೆಮಂದಿ ಗಾಬರಿಯಾಗುತ್ತಾರೆ. ಮುಟ್ಟಿನಲ್ಲಿ, ಗರ್ಭಿಣಿಯಲ್ಲಿ, ಫೈಬ್ರಾಯ್ಡ್‌ನಲ್ಲಿ, ಹೊಟ್ಟೆಯ ಕ್ಷಯದಲ್ಲಿ ಎಲ್ಲದರಲ್ಲೂ ಅದು ಏರುತ್ತದೆ. ಎಂಡೊಮೆಟ್ರಿಯೋಸಿಸ್ ಪತ್ತೆಗೆ ಅದನ್ನು ಬಳಸಬೇಡಿ ಎಂದು ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘದ 2022ರ ಮಾರ್ಗಸೂಚಿ ನೇರವಾಗಿ ಹೇಳುತ್ತದೆ. ಹೆಚ್ಚು ರಕ್ತ ಹೋಗುವವರು ಹಿಮೊಗ್ಲೋಬಿನ್ ಮಾಡಿಸಿ, ಅದರಲ್ಲಿ ಲಾಭವಿದೆ. ಹೊಟ್ಟೆಯ ಕ್ಷಯ ನಮ್ಮಲ್ಲಿ ಇನ್ನೂ ಇರುವ ಕಾಯಿಲೆ; ತೂಕ ಇಳಿಯುವುದು, ಸಂಜೆ ಜ್ವರ, ಹೊಟ್ಟೆಯಲ್ಲಿ ನೀರು ಇದ್ದರೆ ಡಾಕ್ಟರು ಅದನ್ನೂ ನೋಡಲೇಬೇಕು.

ದುಡ್ಡು ಹಾಕಬೇಕಾದದ್ದು ಒಳ್ಳೆಯ ಸ್ಕ್ಯಾನಿಗೆ. ಮದುವೆಯಾದವರಿಗೆ ಸಾಮಾನ್ಯವಾಗಿ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಇರುತ್ತದೆ. ಮೂತ್ರ ಮಾಡಿ ಹೋಗಬೇಕು. ಹೊಟ್ಟೆಯ ಮೇಲಿಂದ ಮಾಡುವುದಾದರೆ ಒಂದು ಗಂಟೆ ಮುಂಚೆ ನಾಲ್ಕೈದು ಲೋಟ ನೀರು ಕುಡಿದು ಮೂತ್ರ ತಡೆದುಕೊಂಡಿರಬೇಕು. ಎರಡನ್ನೂ ಅದಲುಬದಲು ಮಾಡಿಕೊಂಡು ಬಂದು ಕ್ಯೂನಲ್ಲಿ ಮತ್ತೆ ಕಾಯುವವರೇ ಹೆಚ್ಚು, ಚೀಟಿ ಬರೆಸುವಾಗಲೇ ಯಾವುದೆಂದು ಕೇಳಿಬಿಡಿ. ಮದುವೆಯಾಗದ ಹುಡುಗಿಗೆ ಹೊಟ್ಟೆಯ ಮೇಲಿನ ಸ್ಕ್ಯಾನ್, ಅದರಲ್ಲಿ ಸ್ಪಷ್ಟವಾಗದಿದ್ದರೆ ಎಂಆರ್‌ಐ ಎಂಬ ದಾರಿಯಿದೆ.

ಸ್ಕ್ಯಾನ್ ಚೀಟಿಯಲ್ಲಿ ಬರೀ "ಪೆಲ್ವಿಸ್" ಎಂದಿದ್ದರೆ ರಿಪೋರ್ಟೂ ಎರಡು ಸಾಲಿನದೇ ಬರುತ್ತದೆ. ಎಂಡೊಮೆಟ್ರಿಯೋಸಿಸ್ ಅನುಮಾನ ಎಂದು ಬರೆಸಿ. ಅಂಡಾಶಯಗಳು ಅಲುಗಾಡುತ್ತವೆಯೇ ಅಂಟಿಕೊಂಡಿವೆಯೇ, ಗರ್ಭಕೋಶದ ಹಿಂದೆ ಕರುಳು ಜಾರುತ್ತದೆಯೇ, ಸಿಸ್ಟ್ ಇದ್ದರೆ ಎಷ್ಟು ಮಿಲಿಮೀಟರ್, ಮೂತ್ರಪಿಂಡ ಊದಿಲ್ಲವೇ, ಇಷ್ಟು ರಿಪೋರ್ಟಿನಲ್ಲಿ ಬರಲಿ ಎಂದು ಕೇಳಿ. ಮೂತ್ರಪಿಂಡದ ಮಾತು ಯಾಕೆಂದರೆ, ಆಳದ ಗಾಯ ಮೂತ್ರನಾಳವನ್ನು ಒತ್ತಿ ಸದ್ದಿಲ್ಲದೆ ಕಿಡ್ನಿ ಕೆಡಿಸಬಲ್ಲದು. ಚಾಕೊಲೇಟ್ ಸಿಸ್ಟ್, ಅಂದರೆ ಈ ಕಾಯಿಲೆಯಿಂದ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಸಿಸ್ಟ್, ಇದ್ದರೆ ರಿಪೋರ್ಟಿನಲ್ಲಿ ಗ್ರೌಂಡ್ ಗ್ಲಾಸ್ (ಮಸುಕು ಗಾಜು) ಎಂಬ ಪದ ಕಾಣಬಹುದು. ಅಂಡಾಶಯದಲ್ಲಿ ತಾನಾಗಿ ರಕ್ತ ತುಂಬಿದ ಸಾದಾ ಸಿಸ್ಟೂ ಮೊದಲ ನೋಟಕ್ಕೆ ಇದನ್ನೇ ಹೋಲುತ್ತದೆ. ಅದು ಕರಗುತ್ತದೆ, ಚಾಕೊಲೇಟ್ ಸಿಸ್ಟ್ ಉಳಿಯುತ್ತದೆ. ಅನುಮಾನವಿದ್ದರೆ ಆರೆಂಟು ವಾರ ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿಸುವುದು, ನೇರ ಆಪರೇಷನ್ನಿಗೆ ಹೊರಡುವುದಕ್ಕಿಂತ ವಾಸಿ.

ಸ್ಕ್ಯಾನ್ ನಾರ್ಮಲ್ ಬಂತು, ಹಾಗಾದರೆ ಏನೂ ಇಲ್ಲವೇ? ಹೊಟ್ಟೆಯ ಪೊರೆಯ ಮೇಲೆ ತೆಳುವಾಗಿ ಹರಡಿದ ಗಾಯ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಆದರೆ ಉರಿಯೂತ ಎಬ್ಬಿಸಲು ಅಷ್ಟು ಸಾಕು. ಹಂತ ಒಂದು, ಹಂತ ನಾಲ್ಕು ಎಂಬ ಲೆಕ್ಕಕ್ಕೂ ನೋವಿನ ಜೋರಿಗೂ ನೇರ ಸಂಬಂಧವಿಲ್ಲ. ಹಿಂದೆ ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸುವ ಆಪರೇಷನ್) ಮಾಡಿ ಕಣ್ಣಾರೆ ನೋಡಿದ ಮೇಲೆಯೇ ಕಾಯಿಲೆ ಎಂದು ಬರೆಯುತ್ತಿದ್ದರು. ಈಗ ಲಕ್ಷಣ ಹೊಂದಿದರೆ ಸ್ಕ್ಯಾನ್ ನಾರ್ಮಲ್ ಇದ್ದರೂ ಹಾರ್ಮೋನ್ ಚಿಕಿತ್ಸೆ ಶುರುಮಾಡಿ ನೋಡುವುದಕ್ಕೆ ಮಾರ್ಗಸೂಚಿಯಲ್ಲಿ ಒಪ್ಪಿಗೆಯಿದೆ.

ಡಾಕ್ಟರ ಮುಂದೆ

ಸರ್ಕಾರಿ ಆಸ್ಪತ್ರೆ ಎಂದರೆ ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಪಕ್ಕದ ಚೆಲುವಾಂಬ, ಮಂಡ್ಯದಲ್ಲಿ ಮಿಮ್ಸ್‌ನ ಸ್ತ್ರೀರೋಗ ವಿಭಾಗ. ಹೊರರೋಗಿ ವಿಭಾಗದಲ್ಲಿ ಜನ ಜಾಸ್ತಿ, ನಿಮಗೆ ಸಿಗುವುದು ಕೆಲವೇ ನಿಮಿಷ. "ಹೊಟ್ಟೆನೋವು ಡಾಕ್ಟ್ರೇ" ಎಂದು ಶುರುಮಾಡಿದರೆ ಅರ್ಧ ಸಮಯ ಅಲ್ಲೇ ಮುಗಿಯುತ್ತದೆ. ಹೀಗೆ ಹೇಳಿ ನೋಡಿ: "ಒಂದೂವರೆ ವರ್ಷದಿಂದ ಮುಟ್ಟಿಗೆ ಎರಡು ದಿನ ಮುಂಚೆನೇ ನೋವು ಶುರುವಾಗುತ್ತೆ ಡಾಕ್ಟ್ರೇ. ಮೊದಲೆರಡು ದಿನ ಹತ್ತಕ್ಕೆ ಎಂಟು. ಮಾತ್ರೆ ಹೊತ್ತಿಗೆ ಸರಿಯಾಗಿ ತಗೊಂಡ್ರೂ ಐದಕ್ಕಿಂತ ಇಳಿಯಲ್ಲ. ಕಕ್ಕಸಿಗೆ ಹೋದ್ರೆ ಗುದದ ಹತ್ರ ಚುಚ್ಚುತ್ತೆ. ತಿಂಗಳಿಗೆ ಎರಡು ದಿನ ಕೆಲಸಕ್ಕೆ ರಜ ಹಾಕ್ತಿದೀನಿ. ಇದು ಎಂಡೊಮೆಟ್ರಿಯೋಸಿಸ್ ಇರಬಹುದಾ?" ಕೊನೆಯ ಪ್ರಶ್ನೆ ನೀವೇ ಕೇಳಿ, ಮುಜುಗರ ಬೇಡ. ತಾಯಿಯ ಮುಂದೆ ಸಂಭೋಗದ ನೋವಿನ ಮಾತು ಬಾಯಿಗೆ ಬರದಿದ್ದರೆ "ಅವ್ವ, ಒಂದೈದು ನಿಮಿಷ ಹೊರಗೆ ಕೂತಿರು" ಎನ್ನಲು ಅಡ್ಡಿಯಿಲ್ಲ.

"ಮದುವೆ ಮಾಡಿ, ಒಂದು ಮಗು ಆದ್ರೆ ಎಲ್ಲ ಸರಿಹೋಗುತ್ತೆ" ಎಂಬ ಮಾತು ಮನೆಯಲ್ಲೂ ಕೇಳಿಬರುತ್ತದೆ, ಕೆಲವೊಮ್ಮೆ ಆಸ್ಪತ್ರೆಯಲ್ಲೂ. ಗರ್ಭಿಣಿಯಾದಾಗ ಮುಟ್ಟು ನಿಲ್ಲುವುದರಿಂದ ಕೆಲವರಿಗೆ ನೋವು ತಗ್ಗುತ್ತದೆ, ಮುಟ್ಟು ಮರಳಿದ ಮೇಲೆ ಕಾಯಿಲೆಯೂ ಮರಳಬಹುದು. ಮಗುವನ್ನು ಔಷಧವೆಂದು ಯಾರೂ ಬರೆದುಕೊಡಬಾರದು.

ಹಾರ್ಮೋನ್ ಚಿಕಿತ್ಸೆ: ಅರ್ಧಕ್ಕೆ ಬಿಡುವುದೇ ದೊಡ್ಡ ತೊಡಕು

ಅಂಡಾಶಯದ ಈಸ್ಟ್ರೊಜೆನ್ ತಗ್ಗಿಸಿ, ಮುಟ್ಟನ್ನು ಕಡಿಮೆ ಮಾಡಿದರೆ ಹೊಟ್ಟೆಯೊಳಗೆ ಹೊಸ ರಕ್ತ ಬೀಳುವುದಿಲ್ಲ, ಮ್ಯಾಕ್ರೊಫೇಜ್‌ಗಳಿಗೆ ಕರೆ ಹೋಗುವುದಿಲ್ಲ. ನಮ್ಮಲ್ಲಿ ಹೆಚ್ಚು ಬರೆಯುವುದು ಡೈನೊಜೆಸ್ಟ್ 2 ಮಿಲಿಗ್ರಾಂ, ದಿನಕ್ಕೊಂದು, ಒಂದೇ ಹೊತ್ತಿಗೆ, ನಡುವೆ ಬಿಡುವಿಲ್ಲದೆ. ಮೊದಲ ಕೆಲವು ತಿಂಗಳು ಚುಕ್ಕೆ ಚುಕ್ಕೆ ರಕ್ತ ಕಾಣಿಸಿಕೊಳ್ಳುವುದು ಮಾಮೂಲಿ. ಮೂರನೇ ವಾರಕ್ಕೆ "ಇದು ಉಲ್ಟಾ ಹೊಡೆಯಿತು" ಎಂದು ನಿಲ್ಲಿಸುವವರು ಬಹಳ. ಕನಿಷ್ಠ ಮೂರು ತಿಂಗಳು ಕೊಟ್ಟು ನೋಡಿ, ನೋಟ್‌ಬುಕ್ಕಿನಲ್ಲಿ ರಕ್ತದ ಚುಕ್ಕೆಯನ್ನೂ ನೋವಿನ ಅಂಕಿಯನ್ನೂ ಬೇರೆ ಬೇರೆ ಬರೆಯಿರಿ. ರಕ್ತ ಕಾಣುತ್ತಿದ್ದರೂ ನೋವು 8ರಿಂದ 3ಕ್ಕೆ ಬಂದಿದ್ದರೆ ಮಾತ್ರೆ ಕೆಲಸ ಮಾಡುತ್ತಿದೆ. ಮನಸ್ಸು ಕುಗ್ಗುವುದು, ತಲೆನೋವು ಜಾಸ್ತಿಯಾದರೆ ಮಾತ್ರ ಮುಚ್ಚಿಡಬೇಡಿ, ಔಷಧ ಬದಲಿಸಬಹುದು. ಡೈನೊಜೆಸ್ಟ್ ತೆಗೆದುಕೊಳ್ಳುತ್ತಿದ್ದೇವೆ, ಗರ್ಭ ನಿಲ್ಲುವುದಿಲ್ಲ ಎಂದುಕೊಳ್ಳುವುದೂ ತಪ್ಪು. ಅದನ್ನು ಗರ್ಭನಿರೋಧಕವೆಂದು ಕೊಡುವುದಿಲ್ಲ, ಕಾಂಡೋಮ್ ಬೇಕು.

ಅಗ್ಗದ ದಾರಿ ಸಾದಾ ಗರ್ಭನಿರೋಧಕ ಮಾತ್ರೆ. ಮಾಲಾ-ಡಿ ಪ್ಯಾಕೆಟ್ಟಿನಲ್ಲಿ 21 ಹಾರ್ಮೋನ್ ಮಾತ್ರೆ, 7 ಕಬ್ಬಿಣದ ಮಾತ್ರೆ. ಕಬ್ಬಿಣದ ವಾರದಲ್ಲೇ ರಕ್ತ ಹೋಗುವುದು, ನೋವು ಬರುವುದು. ಡಾಕ್ಟರು ಒಪ್ಪಿದರೆ ಆ ಏಳನ್ನು ಬಿಟ್ಟು ಹೊಸ ಪ್ಯಾಕೆಟ್ಟಿಗೆ ಹೋಗಿ ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವಂತೆ ಮಾಡಿಕೊಳ್ಳಬಹುದು. ಕಣ್ಣಿಗೆ ಮಿಂಚು ಕಂಡು ಬರುವ ಮೈಗ್ರೇನ್, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಹೆಚ್ಚಿನ ಬಿಪಿ ಇದ್ದವರಿಗೆ ಇದು ಆಗದು. ದಿನಾ ಮಾತ್ರೆ ಮರೆಯುವವರಿಗೆ 52 ಮಿಲಿಗ್ರಾಂ ಲೆವೊನೊರ್ಜೆಸ್ಟ್ರೆಲ್ ಇರುವ ಹಾರ್ಮೋನ್ ಕಾಪರ್-ಟಿಯಂಥ ಸಾಧನ ಇದೆ (ಸಾದಾ ಕಾಪರ್-ಟಿ ಬೇಡ, ಅದು ರಕ್ತವನ್ನೂ ನೋವನ್ನೂ ಹೆಚ್ಚಿಸಬಹುದು). ತಿಂಗಳಿಗೊಮ್ಮೆ ಕೊಡುವ ಲ್ಯುಪ್ರೊಲೈಡ್ ಇಂಜೆಕ್ಷನ್ ಜೋರಾದದ್ದು. ಮೈ ಬಿಸಿಯೇರುತ್ತದೆ, ಮೂಳೆ ಸವೆಯುತ್ತದೆ, ಹಾಗಾಗಿ ಜೊತೆಗೆ ಸ್ವಲ್ಪ ಹಾರ್ಮೋನ್ ವಾಪಸು ಕೊಡುವುದುಂಟು. ಹದಿನಾರು ಹದಿನೇಳರ ಹುಡುಗಿಗೆ ಮೊದಲ ಆಯ್ಕೆಯಾಗಿ ಇದನ್ನು ಬರೆದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ.

ಈ ಮಾತ್ರೆಗಳು ಗಾಯವನ್ನು ಮಲಗಿಸುತ್ತವೆ, ಅಳಿಸುವುದಿಲ್ಲ. ತೆಗೆದುಕೊಳ್ಳುವಷ್ಟು ದಿನ ಗರ್ಭ ಧರಿಸಲು ನೆರವೂ ಆಗುವುದಿಲ್ಲ. ಮಗು ಬೇಕೆನ್ನುವವರ ದಾರಿ ಬೇರೆ.

ಇಮ್ಯುನಿಟಿ ಪುಡಿ, ಇಮ್ಯುನಿಟಿ ತಗ್ಗಿಸುವ ಔಷಧ, ಆ್ಯಂಟಿಬಯಾಟಿಕ್

ಇಮ್ಯುನಿಟಿ ಹೆಚ್ಚಿಸಿದರೆ ಏನು ತಪ್ಪು ಎಂದು ಕೇಳುವವರಿಗೆ ಉತ್ತರ ಮೇಲೆಯೇ ಇದೆ: ಇಲ್ಲಿ ಹೆಚ್ಚಿಸಬೇಕಾದ್ದು ಯಾವುದು? ಮ್ಯಾಕ್ರೊಫೇಜ್ ಆಗಲೇ ಹೆಚ್ಚಿವೆ. ಸರಿ, ಇಮ್ಯುನಿಟಿಯನ್ನು ತಗ್ಗಿಸಿದರೆ? ಕೀಲುವಾತಕ್ಕೆ ಕೊಡುವ, ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಅನ್ನು ಆಳದ ಎಂಡೊಮೆಟ್ರಿಯೋಸಿಸ್‌ನಲ್ಲಿ ಪರೀಕ್ಷಿಸಿದ್ದಾರೆ, ನೋವು ಇಳಿಯಲಿಲ್ಲ. ಒಂದು ಸಂದೇಶವಾಹಕವನ್ನು ಮುಚ್ಚಿದರೆ ಉಳಿದವು ಚಕ್ರವನ್ನು ತಿರುಗಿಸುತ್ತಲೇ ಇರುತ್ತವೆ. 2023ರಲ್ಲಿ ಜಪಾನಿನ ನಗೋಯಾದ ಸಂಶೋಧಕರು ರೋಗಿಗಳ ಗರ್ಭಕೋಶದ ಒಳಪದರದಲ್ಲಿ ಫ್ಯೂಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಹೆಚ್ಚಾಗಿರುವುದನ್ನು ಕಂಡರು. ಇಲಿಗಳಲ್ಲಿ ಆ್ಯಂಟಿಬಯಾಟಿಕ್ ಕೊಟ್ಟಾಗ ಗಾಯ ಚಿಕ್ಕದಾಯಿತು. ಕುತೂಹಲದ ಸಂಗತಿ, ಆದರೆ ಇದನ್ನು ಓದಿಕೊಂಡು ಮೆಡಿಕಲ್ ಸ್ಟೋರಿನಿಂದ ಮೆಟ್ರೊನಿಡಜೋಲ್ ತಂದು ನುಂಗಿದರೆ ಹೊಟ್ಟೆ ಕೆಡುವುದಷ್ಟೇ ಗ್ಯಾರಂಟಿ.

ಸಾರಿಗೆ ಹಾಕುವ ಅರಿಶಿನ, ರಾತ್ರಿ ಅರಿಶಿನದ ಹಾಲು ಧಾರಾಳವಾಗಿ ಇರಲಿ. ಮೆಣಸಿನ ಸತ್ವ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ಬೇರೆ ಮಾತು, ಅದರಿಂದ ಕೆಲವರಿಗೆ ಲಿವರ್ ಕೆಟ್ಟ ವರದಿಗಳಿವೆ. ಊಟದಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ಮಲ ಸಲೀಸಾಗಿ ಹೋಗುವಂತೆ ರಾಗಿ, ಬಸ್ಸಾರಿನ ಸೊಪ್ಪು, ಕಾಳು ತಿನ್ನುವುದು, ಒಮೆಗಾ-3ಗಾಗಿ ಅಗಸೆ ಚಟ್ನಿಪುಡಿಯೋ ಮೀನೋ ಸೇರಿಸುವುದು ನಷ್ಟವಿಲ್ಲದ ಅಭ್ಯಾಸ. ಹೊಟ್ಟೆಯುಬ್ಬರ ಜಾಸ್ತಿ ಇರುವವರು ಹುರುಳಿ, ಅವರೆಕಾಳನ್ನು ಮುಟ್ಟಿನ ವಾರದಲ್ಲಿ ಕಡಿಮೆ ಮಾಡಿ ವ್ಯತ್ಯಾಸ ನೋಡಲಿ.

ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು: ಸಿಸ್ಟ್ ಇರುವವರಿಗೆ ಹಠಾತ್ತನೆ ಒಂದು ಕಡೆ ಸೀಳುವಂಥ ನೋವು, ವಾಂತಿ (ಅಂಡಾಶಯ ತಿರುಚಿಕೊಂಡಿರಬಹುದು, ಅಥವಾ ಸಿಸ್ಟ್ ಒಡೆದಿರಬಹುದು), ಸಿಸ್ಟಿನ ಜೊತೆ ಚಳಿಜ್ವರ, ಮುಟ್ಟು ತಪ್ಪಿ ಒಂದು ಕಡೆ ನೋವು, ತಲೆಸುತ್ತು (ಗರ್ಭನಾಳದಲ್ಲಿ ಗರ್ಭ). ಇವಕ್ಕೆ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಆಪರೇಷನ್ ಅಂದರೆ

ಮಾತ್ರೆಗೆ ಬಗ್ಗದ ನೋವು, ಮಗುವಾಗದಿರುವುದು, ಕರುಳು ಅಥವಾ ಮೂತ್ರನಾಳ ಒತ್ತಿರುವುದು, ದೊಡ್ಡ ಸಿಸ್ಟ್, ಇವಕ್ಕೆ ಲ್ಯಾಪರೊಸ್ಕೋಪಿ. ಹೋಗುವ ಮುಂಚೆ ಎರಡು ಪ್ರಶ್ನೆ. ಒಂದು, ಗಾಯಗಳನ್ನು ಕತ್ತರಿಸಿ ತೆಗೆಯುತ್ತೀರಾ, ಬರೀ ಸಿಸ್ಟಿನ ನೀರು ಬಸಿದು ಬಿಡುತ್ತೀರಾ? ಬಸಿದದ್ದು ಬೇಗ ಮತ್ತೆ ತುಂಬಿಕೊಳ್ಳುತ್ತದೆ. ಎರಡು, ಮುಂದೆ ಮಗು ಬೇಕೆನ್ನುವವರಾದರೆ ಅಂಡಾಶಯದಲ್ಲಿ ಉಳಿದಿರುವ ಅಂಡಗಳ ಅಂದಾಜು ಕೊಡುವ ಎಎಂಎಚ್ ರಕ್ತ ಪರೀಕ್ಷೆ ಮೊದಲೇ ಮಾಡಿಸೋಣವೇ? ಸಿಸ್ಟ್ ಸುಲಿಯುವಾಗ ಅದರ ಗೋಡೆಯ ಜೊತೆ ಒಳ್ಳೆಯ ಅಂಡಗಳೂ ಹೋಗುತ್ತವೆ, ಎಎಂಎಚ್ ಇಳಿಯುತ್ತದೆ. ಎರಡೂ ಅಂಡಾಶಯದಲ್ಲಿ ಸಿಸ್ಟ್ ಇದ್ದರೆ, ಅಥವಾ ಇದು ಎರಡನೇ ಆಪರೇಷನ್ ಆದರೆ, ಈ ಮಾತು ಇನ್ನೂ ಗಟ್ಟಿಯಾಗಿ ಆಡಬೇಕು. ಗರ್ಭಕೋಶ ತೆಗೆಸಿದರೆ ಎಲ್ಲ ಮುಗಿಯಿತು ಎಂಬುದು ಮಂಡ್ಯ ಸುತ್ತಮುತ್ತ ಸುಲಭವಾಗಿ ಸಿಗುವ ಸಲಹೆ. ಗಾಯ ಇರುವುದು ಗರ್ಭಕೋಶದ ಹೊರಗೆ. ಅದನ್ನು ಒಳಗೇ ಬಿಟ್ಟು ಗರ್ಭಕೋಶ ಮಾತ್ರ ತೆಗೆದರೆ ನೋವು ಉಳಿಯಬಹುದು.

ಆಪರೇಷನ್ ಆದ ಮೇಲೆ ಕೂಡಲೇ ಗರ್ಭಕ್ಕೆ ಪ್ರಯತ್ನಿಸದವರು ಹಾರ್ಮೋನ್ ಸಾಧನ ಅಥವಾ ಮಾತ್ರೆಯನ್ನು ಕನಿಷ್ಠ 18ರಿಂದ 24 ತಿಂಗಳು ಮುಂದುವರಿಸಬೇಕೆಂದು ಅದೇ 2022ರ ಮಾರ್ಗಸೂಚಿ ಹೇಳುತ್ತದೆ. ನೋವು ಹೋಯಿತೆಂದು ಎರಡೇ ತಿಂಗಳಿಗೆ ನಿಲ್ಲಿಸುವವರಲ್ಲಿ ಮರುಕಳಿಸುವುದು ಹೆಚ್ಚು. ಡಿಸ್ಚಾರ್ಜ್ ದಿನ ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಆಪರೇಷನ್ ವಿವರದ ಹಾಳೆ, ಬಯಾಪ್ಸಿ ರಿಪೋರ್ಟ್ ಸಿಗುವ ದಿನಾಂಕ, ವಿಡಿಯೊ ಅಥವಾ ಫೋಟೊ ಇದ್ದರೆ ಅದರ ಪ್ರತಿ, ಈ ಮೂರನ್ನು ಕೇಳಿ ಪಡೆದು ಅದೇ ನೋಟ್‌ಬುಕ್ಕಿನ ಜೊತೆ ಒಂದೇ ಫೈಲಿನಲ್ಲಿ ಇಡಿ. ಮುಂದಿನ ಡಾಕ್ಟರು ಮೊದಲು ಕೇಳುವುದು ಅವನ್ನೇ.